ಮಾವಿನ ಹಲಗೆಯ ಕುರ್ಚಿ

ಕದಿರೇಶನಿಗೆ ಗಣಿತ ಕಲಿಸಲು ಸರ್ಕಾರ ಒಬ್ಬ ಮೇಷ್ಟರನ್ನು ಕೊಟ್ಟಿತು. ಮೇಷ್ಟರು ಅವನಿಗೆ ಒಂದು ಹಸು ಕೊಟ್ಟರು.

ಇದು ನಡೆದದ್ದು ಎಂಬತ್ತೊಂದರಲ್ಲಿ, ಕೋಲಾರದಲ್ಲಿ. ಹಾಸ್ಟೆಲಿನಲ್ಲಿದ್ದ ಊರಾಚೆ ಕೇರಿಯ ಹುಡುಗರು ಕಾಲೇಜಿನಲ್ಲಿ ಸಾಲುಸಾಲಾಗಿ ಫೇಲಾಗುತ್ತಿದ್ದಾರೆಂದು ಬೆಂಗಳೂರಿನಲ್ಲಿ ಯಾರಿಗೋ ಜ್ಞಾನೋದಯವಾಯಿತು. ಯಾಕೆ ಅಂತ ಆ ಹುಡುಗರನ್ನೇ ಕೇಳಿದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಕೇಳಲಿಲ್ಲ. ಸುತ್ತೋಲೆ ಕಳಿಸಿದರು. ಒಬ್ಬೊಬ್ಬ ಅಧ್ಯಾಪಕರು ಒಬ್ಬೊಬ್ಬ ಹುಡುಗನನ್ನು ಸಂಜೆ ಮನೆಗೆ ಕರೆಸಿ, ಎದುರಿಗೆ ಕೂರಿಸಿಕೊಂಡು ಪಾಠ ಹೇಳಬೇಕು. ‘ಒಬ್ಬ ಗುರು, ಒಬ್ಬ ಶಿಷ್ಯ’ ಅಂತ ಯೋಜನೆಯ ಹೆಸರು. ಎಲ್ಲಿ ಕೂರಿಸಬೇಕು ಅನ್ನುವುದು ಮಾತ್ರ ಸುತ್ತೋಲೆಯಲ್ಲಿ ಇರಲಿಲ್ಲ. ತೊಂದರೆಯೆಲ್ಲ ಅಲ್ಲೇ ಶುರುವಾಯಿತು.

ಕದಿರೇಶ ಯಲ್ದೂರು ಪಕ್ಕದ ಹಳ್ಳಿಯವನು. ಅವನ ಅಪ್ಪ ಗಂಗುಲಪ್ಪ, ಊರಿನ ದೊಡ್ಡ ಜಮೀನುದಾರ ಚನ್ನರಾಯಪ್ಪನ ಮಾವಿನ ತೋಪಿನಲ್ಲಿ ದುಡಿದು ಬೆನ್ನು ಬಗ್ಗಿಸಿಕೊಂಡವನು. ಚನ್ನರಾಯಪ್ಪನ ಎದುರು ಅಪ್ಪ ಕೂತದ್ದನ್ನು ಕದಿರೇಶ ಒಂದು ದಿನವೂ ನೋಡಿರಲಿಲ್ಲ. ನಿಂತೇ ಮಾತು, ನಿಂತೇ ಕೂಲಿ, ನಿಂತೇ ಬೈಗುಳ. ಆ ಕೇರಿಯಿಂದ ಕಾಲೇಜು ಮೆಟ್ಟಿಲು ಹತ್ತಿದವನು ಕದಿರೇಶ ಒಬ್ಬನೇ. ಹತ್ತಿದವನು ಮೊದಲ ವರ್ಷದ ಬಿ.ಎಸ್ಸಿ. ಗಣಿತದಲ್ಲಿ ಎರಡು ಸಲ ಜಾರಿ ಬಿದ್ದಿದ್ದ. ಹಳ್ಳಿ ಸ್ಕೂಲಿನಲ್ಲಿ ಕನ್ನಡ ಮಾತಾಡುತ್ತಿದ್ದ ಲೆಕ್ಕಗಳು ಇಲ್ಲಿ ಒಂದೇ ಸಲಕ್ಕೆ ಇಂಗ್ಲಿಷ್ ಮಾತಾಡತೊಡಗಿದ್ದವು. ಮೂರನೇ ಸಲವೂ ಬಿದ್ದರೆ ಹಾಸ್ಟೆಲ್ ಸೀಟು ಹೋಗುತ್ತಿತ್ತು. ಸೀಟು ಹೋದರೆ ಕಾಲೇಜೂ ಹೋದಂತೆಯೇ.

ದಸರಾ ರಜೆಗೆ ಊರಿಗೆ ಹೋದಾಗ ಚನ್ನರಾಯಪ್ಪ ಅವನನ್ನು ಕರೆದು, ಪ್ರೀತಿಯಿಂದಲೇ ಹೇಳಿದ್ದ.

“ಓದು, ಓದು. ಬಿದ್ರೆ ಬೇಜಾರ್ ಮಾಡ್ಕೋಬೇಡ ಕಣ್ಲಾ. ಹಿಪ್ಪುನೇರಳೆ ಸೊಪ್ಪು ಕೀಳೋಕೆ ನಂಗೊಬ್ಬ ಆಳು ಬೇಕು. ನಿನ್ ಜಾಗ ಹಂಗೇ ಇಟ್ಟಿರ್ತೀನಿ.”

ಈ ದೇಶದಲ್ಲಿ ಕದಿರೇಶನಂಥವರ ಜಾಗವನ್ನು ಹಾಗೇ ಇಟ್ಟುಕೊಂಡು ಕಾಯುವವರು ಬಹಳ ಮಂದಿ.

ಅವನ ಪಾಲಿಗೆ ಬಂದವರು ಗಣಿತದ ಕೋದಂಡರಾಮಪ್ಪ ಮೇಷ್ಟರು. ಕೆಟ್ಟವರಲ್ಲ. ಇದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಮಾಲೂರು ಕಡೆಯ ಬೇಸಾಯದ ಮನೆಯವರು. ಗಾಂಧಿ ಜಯಂತಿಯ ದಿನ ಜಾತಿ ತೊಲಗಬೇಕು ಅಂತ ಮೈಕು ಹಿಡಿದು, ಮೈಕು ಕಿತ್ತುಕೊಳ್ಳುವ ತನಕ ಮಾತಾಡಿದವರು. ಮೊದಲ ಸಂಜೆ ಕದಿರೇಶ ಮನೆಯ ಗೇಟು ತೆಗೆದಾಗ ಎದ್ದು ಬಂದು ಬಾಗಿಲಲ್ಲಿ ಅಡ್ಡ ನಿಂತರು.

“ಬಾರಯ್ಯಾ ಬಾ. ಒಳಗೇ ಕರೀಬೌದು. ನಂಗೇನಿಲ್ಲ, ನಾನು ಇದನ್ನೆಲ್ಲಾ ನಂಬೋನಲ್ಲ. ಆದ್ರೆ ಅಮ್ಮ ಇದ್ದಾರೆ. ವಯಸ್ಸಾದೋರು.”

“ಜಗಲಿ ಮೇಲೇ ಕೂತ್ಕೋತೀನಿ ಸಾರ್.”

“ಜಗಲಿ ರೋಡಿಗೆ ಕಾಣುತ್ತಲ್ಲೋ. ನೋಡ್ದೋರು ಏನಂತಾರೆ? ಮೇಷ್ಟ್ರು ಕಾಲೇಜ್ ಹುಡುಗನ್ನ ಹೊರಗೆ ಕೂರಿಸಿದಾರೆ ಅನ್ನಲ್ವಾ? ಹಿಂದ್ಗಡೆ ಕೊಟ್ಟಿಗೆ ಇದೆ. ತಂಪಾಗಿರುತ್ತೆ ಹೋಗು.”

ಹೀಗೆ ಸಮಾನತೆಯ ಮಾನ ಉಳಿಸಲು ಕದಿರೇಶನನ್ನು ಕೊಟ್ಟಿಗೆಗೆ ಕಳಿಸಿದರು.

ಕೊಟ್ಟಿಗೆಯಲ್ಲಿ ಒಂದು ಸೀಮೆ ಹಸು ಇತ್ತು. ಕೆ.ಜಿ.ಎಫ್.ನ ಗಣಿ ಸಾಹೇಬರೊಬ್ಬರ ಬಂಗಲೆಯಲ್ಲಿ ಬೆಳೆದದ್ದು. ಅಲ್ಲಿ ಅದರ ಹೆಸರು ಮೇರಿ. ಮೇಷ್ಟರ ತಾಯಿ ವೆಂಕಟರತ್ನಮ್ಮ ಅದರ ಮೇಲೆ ಒಂದು ಚೊಂಬು ನೀರು ಚಿಮುಕಿಸಿ, ಹಣೆಗೆ ಅರಿಶಿನ ಕುಂಕುಮ ಇಟ್ಟು, ಗೋದಾವರಿ ಅಂತ ಹೆಸರಿಟ್ಟು ಒಳಗೆ ಸೇರಿಸಿಕೊಂಡಿದ್ದರು. ಸಾಹೇಬರ ಮನೆಯ ಮೇರಿ ಒಂದು ಚೊಂಬು ನೀರಿಗೆ ಶುದ್ಧಳಾದಳು. ಕದಿರೇಶನಿಗೆ ಆ ಅನುಕೂಲ ಇರಲಿಲ್ಲ.

ಮೇಷ್ಟರು ಹಿಂದಿನ ಕೋಣೆಯ ಕಿಟಕಿಯಿಂದ ಪಾಠ ಶುರು ಮಾಡುತ್ತಿದ್ದರು. ಕಿಟಕಿಯ ಕಂಬಿಗಳ ನಡುವೆ ಅವರ ಮೂಗು, ಕೊಟ್ಟಿಗೆಯ ಗಂಜಲದ ನಡುವೆ ಇವನ ಕಾಲು. “ಇಂಟಿಗ್ರೇಷನ್ ಅಂದ್ರೆ ಏನು ಅಂದ್ರೆ...” ಅನ್ನುವಷ್ಟರಲ್ಲಿ ಕ್ಲಬ್ಬಿನಿಂದ ಇಸ್ಪೀಟಿನ ಗೆಳೆಯರು ಸೈಕಲ್ ಬೆಲ್ಲು ಬಾರಿಸುತ್ತಿದ್ದರು. “ಈ ಲೆಕ್ಕ ಮಾಡ್ತಿರು, ಬಂದೆ” ಅಂತ ಹೋದ ಮೂಗು ಮತ್ತೆ ಕಿಟಕಿಗೆ ಬರುತ್ತಿದ್ದದ್ದು ಮಾರನೇ ದಿನ.

ಕದಿರೇಶ ಬೂಸಾ ಮೂಟೆಯ ಮೇಲೆ ಕೂತು, ಸೊಳ್ಳೆ ಹೊಡೆದುಕೊಳ್ಳುತ್ತಾ, ಗಟ್ಟಿಯಾಗಿ ಓದುತ್ತಿದ್ದ. ಅವನಿಗೆ ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುವುದು. ಮೇರಿ ಕಿವಿ ಇಳಿಬಿಟ್ಟು, ಕಣ್ಣು ಅರೆ ಮುಚ್ಚಿ ಕೇಳುತ್ತಿದ್ದಳು. ಆ ಮನೆಯಲ್ಲಿ ಅವನ ಓದನ್ನು ಕಿವಿಗೊಟ್ಟು ಕೇಳಿದ ಜೀವ ಅದೊಂದೇ.

ಹಾಲು ಕರೆಯುತ್ತಿದ್ದವನು ಆವಲಪ್ಪ ಅಂತ ಒಬ್ಬ ಮುದುಕ. ಒಂದು ಸಂಜೆ ಮೇರಿಯಿಂದ ಮೊಣಕಾಲಿಗೆ ಒದೆ ತಿಂದು, ಮಾಸ್ತಿಯಲ್ಲಿದ್ದ ಮಗಳ ಮನೆ ಸೇರಿಕೊಂಡ. ಮೇಷ್ಟರ ಹೆಂಡತಿ ಬಾಣಂತನಕ್ಕೆ ಶ್ರೀನಿವಾಸಪುರದ ತವರಿಗೆ ಹೋಗಿದ್ದರು. ಮೇಷ್ಟರು ಕರೆಯಲು ಹೋದರೆ ಹಸು ಹಾಲನ್ನು ಮೇಲಕ್ಕೆ ಎಳೆದುಕೊಂಡು ಕಲ್ಲಿನಂತೆ ನಿಲ್ಲುತ್ತಿತ್ತು. ವೆಂಕಟರತ್ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಕದಿರೇಶನನ್ನು ನೋಡದೆ ಗೋಡೆಯನ್ನು ನೋಡುತ್ತಾ, ತೆಲುಗು ಬೆರೆತ ಮಾತಿನಲ್ಲಿ ಹೇಳಿದರು.

“ಅಯ್ಯೋ ನಾ ತಂಡ್ರಿ, ಕೆಚ್ಚಲು ಬಿಗೀತಾ ಇದೆಯಲ್ಲಪ್ಪಾ. ಯಾರಾದ್ರೂ ಅದರ ಕೆಲ್ಸ ನೋಡಬಾರ್ದಾ?”

ಕೊಟ್ಟಿಗೆಯಲ್ಲಿ ಯಾರಾದರೂ ಅಂದರೆ ಅವನೊಬ್ಬನೇ. ಕದಿರೇಶ ಕುಕ್ಕರಗಾಲಲ್ಲಿ ಕೂತ. ಬಾಯಿ ತನ್ನಷ್ಟಕ್ಕೆ ಓದುತ್ತಿತ್ತು: “ಸೈನ್ ಎಕ್ಸ್ ಇಂಟಿಗ್ರೇಟ್ ಮಾಡಿದ್ರೆ ಮೈನಸ್ ಕಾಸ್ ಎಕ್ಸ್...” ಮೇರಿ ನಿಟ್ಟುಸಿರು ಬಿಟ್ಟು ಹಾಲು ಇಳಿಸಿದಳು. ಬಕೆಟ್ಟು ತುಂಬಿತು.

“ಅಮ್ಮಾವ್ರೇ, ನಾನು ಮುಟ್ಟಿದ್ದು...”

“ಹಾಲಿಗೆ ಎಂಥಾ ಮೈಲಿಗೆಯೋ? ಅದು ಹಸೂದು. ಒಲೆ ಮೇಲೆ ಉಕ್ಕಿದ್ರೆ ಎಲ್ಲಾ ಸುಟ್ಟೋಗುತ್ತೆ. ಬಕೆಟ್ ಆ ಕಲ್ಲಿನ ಮೇಲಿಟ್ಟು ದೂರ ನಿಂತ್ಕೋ.”

ಅಂದಿನಿಂದ ಅವನ ಕೋಚಿಂಗ್ ಗಟ್ಟಿಯಾಯಿತು. ಸಗಣಿ ಬಾಚುವುದು, ಹುಲ್ಲು ಹಾಕುವುದು, ಮೈ ಉಜ್ಜುವುದು, ಹಾಲು ಕರೆಯುವುದು. ಬೆರಳ ಗಿಣ್ಣು ಊದಿಕೊಂಡು ಹಾಸ್ಟೆಲಿನಲ್ಲಿ ಪೆನ್ನು ಹಿಡಿದರೆ ಅಕ್ಷರ ನಡುಗುತ್ತಿತ್ತು. ಕರೆದ ಹಾಲು ಒಳಗೆ ಹೋಗುತ್ತಿತ್ತು. ಒಳಗಿಂದ ಅವನಿಗೆ ಕರಿ ಕಾಫಿ ಬರುತ್ತಿತ್ತು. ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ಅವನದೇ ಒಂದು ಸೊಟ್ಟ ಅಲ್ಯುಮಿನಿಯಂ ಲೋಟ. ವೆಂಕಟರತ್ನಮ್ಮಜ್ಜಿ ಮೊಳದೆತ್ತರದಿಂದ ಹುಯ್ಯುತ್ತಿದ್ದರು. “ಇವತ್ತು ಹಾಲು ಸಾಲ್ದು ಕಣೋ” ಅನ್ನುತ್ತಿದ್ದರು, ದಿನಾ. ಬಕೆಟ್ಟು ತುಂಬಿಸಿಕೊಟ್ಟ ಕೈಗೇ ಆ ಮಾತು. ಕುಡಿದಾಗ ಕಹಿ ನಾಲಿಗೆಯಲ್ಲಿ ನಿಲ್ಲುತ್ತಿರಲಿಲ್ಲ, ಎದೆಗೆ ಇಳಿಯುತ್ತಿತ್ತು.

ಹಾಸ್ಟೆಲಿನಲ್ಲಿ ಉಳಿದವರ ಕೋಚಿಂಗೂ ಭರದಿಂದ ಸಾಗಿತ್ತು. ಮುನಿರಾಮಪ್ಪನಿಗೆ ಸಸ್ಯಶಾಸ್ತ್ರದ ಮೇಷ್ಟರು ಬದನೆ ಪಾತಿ ಅಗೆಸುತ್ತಿದ್ದರು. ಮುನಿಕೃಷ್ಣಪ್ಪ ಇತಿಹಾಸದ ಮೇಷ್ಟರ ಪರವಾಗಿ ಸೀಮೆಎಣ್ಣೆ ಕ್ಯೂನಲ್ಲಿ ನಿಲ್ಲುತ್ತಿದ್ದ.

“ಮೊಘಲರು ಮುಗಿದ್ರೇನ್ಲಾ?” ಅಂದ ಮುನಿರಾಮಪ್ಪ.

“ಎಲ್ಲಿ ಮುಗೀತಾರೆ? ಕ್ಯೂನೇ ಮುಂದಕ್ ಹೋಗಲ್ಲ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕದಿರೇಶನೂ ನಕ್ಕ. ಆಮೇಲೆ ಚಾಪೆಯ ಮೇಲೆ ಮಲಗಿದಾಗ, ಪರೀಕ್ಷೆ ಏಪ್ರಿಲ್‌ನಲ್ಲಿ ಅಂತ ನೆನಪಾಗಿ ಎದ್ದು ಕೂತ. ಸೈನ್, ಕಾಸ್ ಬಾಯಿಪಾಠ ಬಂದಿದ್ದವು. ಅವು ಯಾಕೆ ಹಾಗೆ ಅಂತ ಒಬ್ಬರೂ ಹೇಳಿಕೊಟ್ಟಿರಲಿಲ್ಲ.

ಚಳಿಗಾಲ ಕಳೆಯುವ ಹೊತ್ತಿಗೆ ಬೆಂಗಳೂರಿನಿಂದ ಜಂಟಿ ನಿರ್ದೇಶಕರು ಯೋಜನೆ ನೋಡಲು ಬರುತ್ತಾರೆ ಅಂತ ಸುದ್ದಿ ಬಂತು. ಮಾದರಿ ಗುರು ಅಂತ ಪ್ರಿನ್ಸಿಪಾಲರು ಕೋದಂಡರಾಮಪ್ಪನವರನ್ನೇ ತೋರಿಸಿಬಿಟ್ಟರು. ಪಾಪ, ಭಾಷಣ ಕೇಳಿದ್ದರು. ಆ ಸಂಜೆ ಮೇಷ್ಟರು ಇಸ್ತ್ರಿ ಪ್ಯಾಂಟು, ಟೈ ಹಾಕಿಕೊಂಡು ಗೇಟಿನಲ್ಲೇ ಕಾದಿದ್ದರು. ಕದಿರೇಶನ ಭುಜ ಹಿಡಿದು ಪಡಸಾಲೆಗೆ ಕರೆದುಕೊಂಡು ಹೋದರು. ಅಲ್ಲಿ ಮಾವಿನ ಹಲಗೆಯ ಒಂದು ಕುರ್ಚಿ, ಮಾವ ಮದುವೆಯಲ್ಲಿ ಕೊಟ್ಟದ್ದು. ಎದುರಿಗೆ ಹೊಸ ಬೋರ್ಡು, ಹೊಸ ಸೀಮೆಸುಣ್ಣ.

“ಕೂತ್ಕೋ” ಅಂದರು. ಒಳಬಾಗಿಲಿನ ಕಡೆ ತಿರುಗಿ ತಗ್ಗಿದ ದನಿಯಲ್ಲಿ, “ಒಂದು ಗಂಟೆ ಮಾತ್ರ ಅಮ್ಮಾ. ಆಮೇಲೆ ತೊಳೆದ್ರಾಯ್ತು” ಅಂದರು. ಕದಿರೇಶನಿಗೂ ಕೇಳಿಸಿತು.

ಕೂತ. ಬೆನ್ನಿಗೆ ಆಸರೆ ಇತ್ತು, ಕೈಗೆ ಆಸರೆ ಇತ್ತು. ಅಪ್ಪನ ಬೆನ್ನು ನೆನಪಾಯಿತು. ಇಷ್ಟು ಸುಖವಾದ ಒಂದು ವಸ್ತುವನ್ನು ಈ ಜನ ನಮ್ಮಿಂದ ಎಷ್ಟು ತಲೆಮಾರು ಬಚ್ಚಿಟ್ಟರಲ್ಲ ಅಂತ ಮೈ ಉರಿಯಿತು.

ಜಂಟಿ ನಿರ್ದೇಶಕರು ಬಂದರು. ದೊಡ್ಡ ಹೊಟ್ಟೆ, ಕೆಂಪು ಜೀಪು. ಬೆತ್ತದ ಆರಾಮಕುರ್ಚಿಯಲ್ಲಿ ಕುಸಿದು, “ಕೋಲಾರದ ಹಾಲಿನ ಕಾಫಿ ಕುಡಿದು ಎಷ್ಟು ದಿನ ಆಯ್ತು ಕಣ್ರೀ” ಅಂದರು. ಅದೇ ಹೊತ್ತಿಗೆ ಮೇರಿ ಕೂಗಿದಳು.

ಹಾಲಿನ ಹೊತ್ತು. ಒಂದು ಸಲ ಕೂಗಿದಳು, ಇನ್ನೊಂದು ಸಲ ಕೂಗಿದಳು. ಮೇಷ್ಟರು ಬೋರ್ಡಿನ ಮೇಲೆ ಬರೆಯುತ್ತಿದ್ದ ಸೂತ್ರ ಸೊಟ್ಟಗಾಯಿತು. ಅಡಿಗೆಮನೆಯಿಂದ ಅಜ್ಜಿ ತಟ್ಟೆ ಕುಕ್ಕಿದರು. ಮೇಷ್ಟರು ಕದಿರೇಶನ ಕಿವಿಯ ಹತ್ತಿರ ಬಗ್ಗಿದರು.

“ಕದಿರೇಶಾ, ಸ್ವಲ್ಪ ಹಿಂದ್ಗಡೆ ನೋಡ್ಕೊಂಡ್ ಬಾಪ್ಪಾ.”

ಅಪ್ಪಾ ಅಂದದ್ದು ಅದೇ ಮೊದಲು. ಕದಿರೇಶನ ಕಾಲು ತಾನಾಗಿಯೇ ಏಳಲು ಹೊರಟಿತು. ಕರೆದರೆ ಏಳುವುದು ಆ ಕಾಲಿಗೆ ಅಪ್ಪನಿಂದ, ಅಪ್ಪನ ಅಪ್ಪನಿಂದ ಬಂದ ಅಭ್ಯಾಸ. ಅವನು ಎರಡೂ ಕೈಯಿಂದ ಕುರ್ಚಿಯ ತೋಳು ಹಿಡಿದ. ತನ್ನ ಕಾಲನ್ನು ತಾನೇ ಅದುಮಿಕೊಂಡು ಕೂತ.

“ಪಾಠದ ಹೊತ್ತು ಸಾರ್” ಅಂದ.

“ಏಳೋ!”

“ಏಳಲ್ಲ ಸಾರ್.”

ಗಟ್ಟಿಯಾಗಿಯೇ ಅಂದ. ಅವನಿಗೆ ಗಟ್ಟಿಯಾಗಿ ಹೇಳಿಯೇ ಅಭ್ಯಾಸ. ಜಂಟಿ ನಿರ್ದೇಶಕರು ಕಣ್ಣು ಬಿಟ್ಟರು. ಮೇರಿ ಈಗ ಊರಿಗೇ ಕೇಳುವಂತೆ ಅರಚುತ್ತಿದ್ದಳು. ಮೇಷ್ಟರು ನಗುತ್ತಾ, ಬೆವರುತ್ತಾ, “ಒಂದ್ನಿಮಿಷ ಸಾರ್” ಅಂತ ಹಿಂದಕ್ಕೆ ಓಡಿದರು. ಮೊದಲು ಬಕೆಟ್ಟು ಉರುಳಿದ ಸದ್ದು, ಆಮೇಲೆ ಮೇಷ್ಟರು ಉರುಳಿದ ಸದ್ದು ಕೇಳಿಸಿತು.

“ಎಷ್ಟು ತಿಂಗಳಿಂದ ನಡೀತಿದೆಯಪ್ಪಾ ನಿನ್ನ ಪಾಠ?” ಅಂತ ಜಂಟಿ ನಿರ್ದೇಶಕರು ಕೇಳಿದರು.

“ಪಾಠ ಇವತ್ತೇ ಶುರು ಸಾರ್. ಇಷ್ಟು ದಿನ ಕೊಟ್ಟಿಗೇಲಿ ಹಾಲು ಕರೀತಿದ್ದೆ.”

ಅಷ್ಟರಲ್ಲಿ ಮೇಷ್ಟರು ಬಂದು ನಿಂತರು. ಟೈ ತುಂಬ ಸಗಣಿ. ಅಜ್ಜಿ ಲೋಟ ತಂದಿಟ್ಟರು. ಬೆಳ್ಳಿ ಲೋಟ, ಒಳಗೆ ಕರಿ ಕಾಫಿ. ಜಂಟಿ ನಿರ್ದೇಶಕರು ಒಂದು ಗುಟುಕು ಕುಡಿದು ಮುಖ ಕಿವುಚಿದರು.

“ಅಭ್ಯಾಸ ಆಗುತ್ತೆ ಸಾರ್” ಅಂದ ಕದಿರೇಶ. “ನಂಗೂ ಮೊದಮೊದಲು ಹಂಗೇ ಆಗಿತ್ತು.”

ದೊಡ್ಡ ಹೊಟ್ಟೆ ಅಲುಗಾಡುವಂತೆ ನಕ್ಕರು ಆ ಮನುಷ್ಯ. ಅವರೇನು ನ್ಯಾಯ ಹುಡುಕಿಕೊಂಡು ಬಂದವರಲ್ಲ. ಅವರಿಗೆ ಕಾಫಿ ಬೇಕಿತ್ತು, ಕಾಫಿ ಕಪ್ಪಗಿತ್ತು. ಆ ಸಿಟ್ಟು ಸಾಕಾಯಿತು. “ಈ ಹುಡುಗ ಏಪ್ರಿಲ್‌ನಲ್ಲಿ ಪಾಸಾಗ್ಬೇಕು ಕೋದಂಡರಾಮಪ್ಪ. ಇಲ್ಲಾಂದ್ರೆ ರಾಯಚೂರಲ್ಲಿ ಗಣಿತದ ಪೋಸ್ಟು ಖಾಲಿ ಇದೆ” ಅಂತ ಹೇಳಿ ಜೀಪು ಹತ್ತಿದರು.

ಮಾರನೇ ದಿನ ಕದಿರೇಶ ಕೊಟ್ಟಿಗೆಯ ಕಡೆಗೆ ತಿರುಗಲಿಲ್ಲ. ನೇರವಾಗಿ ಪಡಸಾಲೆಗೆ ಹೋಗಿ ಮಾವಿನ ಕುರ್ಚಿಯಲ್ಲಿ ಕೂತ. ಒಳಗಿಂದ ಇಣುಕಿದ ವೆಂಕಟರತ್ನಮ್ಮನಿಗೆ “ಚೆನ್ನಾಗಿದ್ದೀರಾ ಅಜ್ಜಿ?” ಅಂದ. ಅಮ್ಮಾವ್ರು ಹೋಗಿ ಅಜ್ಜಿ ಆಗಿತ್ತು. ಅವರಿಗೆ ಕೆಮ್ಮು ಹತ್ತಿಕೊಂಡಿತು.

ಮೇಷ್ಟರು ಪಾಠ ಮಾಡಿದರು. ಇದನ್ನು ಒಪ್ಪಿಕೊಳ್ಳಬೇಕು, ಮನಸ್ಸಿಟ್ಟರೆ ಚೆನ್ನಾಗಿ ಮಾಡುತ್ತಿದ್ದರು. ರಾಯಚೂರಿನ ಬಿಸಿಲು ನೆನೆದು ಇನ್ನೂ ಚೆನ್ನಾಗಿ ಮಾಡಿದರು. ಮೈನಸ್ ಎಲ್ಲಿಂದ ಬಂತು ಅಂತ ಕನ್ನಡದಲ್ಲೇ ಬಿಡಿಸಿ ಹೇಳಿದಾಗ ಕದಿರೇಶನ ತಲೆಯಲ್ಲಿ ದೀಪ ಹತ್ತಿತು. ಇಷ್ಟು ಸುಲಭದ್ದನ್ನು ಕಿಟಕಿಯಲ್ಲೇ ಹೇಳಬಹುದಿತ್ತಲ್ಲ ಅಂತ ಅವನಿಗೆ ಸಂತೋಷದ ಹಿಂದೆಯೇ ಸಿಟ್ಟು ಬಂತು. ಪಾಠಕ್ಕೆ ಮೊದಲು ಮೇಷ್ಟರು ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು, “ಸೈನ್ ಎಕ್ಸ್ ಇಂಟಿಗ್ರೇಟ್ ಮಾಡಿದ್ರೆ...” ಅಂತ ಮೇರಿಗೆ ಒಪ್ಪಿಸುವುದು ಕೇಳಿಸುತ್ತಿತ್ತು. ಅದನ್ನು ಹೇಳದೆ ಅವಳು ಹಾಲು ಕೊಡುತ್ತಿರಲಿಲ್ಲ.

ಕದಿರೇಶ ಗೇಟು ದಾಟುವುದೇ ತಡ, ಅಜ್ಜಿ ಕೋಲಿನ ತುದಿಯಿಂದ ಕುರ್ಚಿಯನ್ನು ಅಂಗಳಕ್ಕೆ ನೂಕಿ, ಬಿಂದಿಗೆಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದರು. ದಿನಾ. ಬೆಳಿಗ್ಗೆ ಬಿಸಿಲಿಗೆ ಒಣಗಿಸುತ್ತಿದ್ದರು. ಮತ್ತೆ ಸಂಜೆ ಅವನು ಕೂರುತ್ತಿದ್ದ, ಮತ್ತೆ ನೀರು. ಮಾವಿನ ತೋಪಿನ ನೆರಳಲ್ಲಿ ಬೆಳೆದ ಹುಡುಗ ಅವನು. ಮಾವಿನ ಹಲಗೆಗೆ ನೀರು ಆಗದು ಅನ್ನುವುದು ಅವರ ಊರಿನ ಮಕ್ಕಳಿಗೂ ಗೊತ್ತು. ಕುರ್ಚಿಯ ಕಾಲು ಮೆತ್ತಗಾಗುವುದು, ಕೀಲು ಬಾಯಿ ಬಿಡುವುದು ಅವನಿಗೆ ಕೂತಲ್ಲೇ ತಿಳಿಯುತ್ತಿತ್ತು.

“ಅಜ್ಜಿ, ಇದು ಮಾವಿನ ಮರ. ಹಿಂಗ್ ನೀರು ಹುಯ್ದ್ರೆ ತಡೆಯಲ್ಲ” ಅಂತ ಒಂದು ದಿನ ಹೇಳಿಯೂ ಹೇಳಿದ.

“ಪೋರಾ! ಓದೋಕೆ ಬಂದೋನು ಓದ್ಕೊಂಡ್ ಹೋಗು. ನಮ್ಮನೆ ಕುರ್ಚಿ ಬುದ್ಧಿ ನಂಗೆ ಹೇಳ್ಬೇಡ.”

ಅವನು ಮತ್ತೆ ಹೇಳಲಿಲ್ಲ. ಹಗುರವಾಗಿ, ಮುಂತುದಿಯಲ್ಲಿ ಕೂತು ಏಪ್ರಿಲ್ ಮುಟ್ಟಿಸಿದ.

ಪರೀಕ್ಷೆ ಬರೆದ. ಫಲಿತಾಂಶ ಬಂದ ದಿನ ಕಾಲೇಜಿನ ಗೋಡೆಯಲ್ಲಿ ತನ್ನ ನಂಬರನ್ನು ಬೆರಳಿಟ್ಟು ನೋಡಿದ. ಬೆರಳು ತೆಗೆದು ಮತ್ತೆ ನೋಡಿದ. ಪಾಸಾಗಿದ್ದ. ಚನ್ನರಾಯಪ್ಪ ಇಟ್ಟುಕೊಂಡಿದ್ದ ಜಾಗ ಖಾಲಿಯೇ ಉಳಿಯಿತು. ಅಲ್ಲೇ ಗೋಡೆಗೆ ಹಣೆ ಒರಗಿಸಿ ಅತ್ತುಬಿಟ್ಟ.

ಮೇಷ್ಟರು ಸಂಭ್ರಮ ಇಟ್ಟುಕೊಂಡರು. ಪ್ರಿನ್ಸಿಪಾಲರು, ನಾಲ್ಕಾರು ಅಧ್ಯಾಪಕರು, ಕ್ಯಾಮೆರಾ ಹಿಡಿದ ಒಬ್ಬ ಪತ್ರಿಕೆಯವನು ಪಡಸಾಲೆಯಲ್ಲಿ ತುಂಬಿಕೊಂಡರು. ಇದ್ದ ಕುರ್ಚಿ, ಬಾಡಿಗೆ ಕುರ್ಚಿ ಎಲ್ಲ ಅತಿಥಿಗಳಿಗಾಯಿತು. ಉಳಿದದ್ದು ಮಾವಿನ ಹಲಗೆಯದು. “ಈ ಹುಡುಗನ್ನ ನನ್ನ ಮನೆ ಮಗನ ಥರ ನೋಡ್ಕೊಂಡೆ” ಅಂತ ಮೇಷ್ಟರು ಹೇಳಿದರು. ಪ್ರಿನ್ಸಿಪಾಲರು ಹಾರ ಹಾಕಿದರು. ಫೋಟೋಕ್ಕೆ ಕದಿರೇಶನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೇಷ್ಟರು ಎದೆ ಸೆಟೆಸಿ ಕುರ್ಚಿಯಲ್ಲಿ ಪೂರ್ತಿ ಭಾರ ಬಿಟ್ಟು ಕೂತರು.

ಕುರ್ಚಿ ಒಂದು ಸಲ ನರಳಿತು, ಅಷ್ಟೇ. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋದವು. ಮೇಷ್ಟರು ಹಾರದ ಸಮೇತ ನೆಲಕ್ಕೆ ಬಿದ್ದು, ಚೌಕಟ್ಟಿನೊಳಗೆ ಸೊಂಟ ಸಿಕ್ಕಿಕೊಂಡು, ಮಗುಚಿದ ಆಮೆಯ ಹಾಗೆ ಕೈಕಾಲು ಆಡಿಸತೊಡಗಿದರು. ಪ್ರಿನ್ಸಿಪಾಲರು ಒಂದು ಕೈ ಹಿಡಿದು ಎಳೆಯಲು ಹೋಗಿ ತಾವೂ ಮುಗ್ಗರಿಸಿದರು.

“ಕದಿರೇಶಾ, ಎತ್ತೋ!” ಅಂತ ಮೇಷ್ಟರು ಕೈ ಚಾಚಿದರು.

ಕದಿರೇಶ ಬಗ್ಗಿದ. ಒಳಬಾಗಿಲಿನಿಂದ ಅಜ್ಜಿಯ ಬಾಯಿಂದ ತಡೆಯಲಾರದೆ ಬಂದುಬಿಟ್ಟಿತು.

“ಏಯ್! ಮುಟ್ಬೇಡ್ವೋ ಅವನ್ನ!”

ಪತ್ರಿಕೆಯವನು ಕ್ಯಾಮೆರಾ ಇಳಿಸಿದ. ಕದಿರೇಶ ನೆಟ್ಟಗೆ ನಿಂತು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಮುಟ್ಟಲ್ಲ ಅಜ್ಜಿ. ನೀವು ಹೇಳೋ ತನಕ ಮುಟ್ಟಲ್ಲ.”

“ಅಮ್ಮಾ, ಸೊಂಟ ಮುರೀತಾ ಇದೆ! ಹೇಳಮ್ಮಾ!” ಅಂತ ಮೇಷ್ಟರು ನೆಲದಿಂದ ಕೂಗಿದರು.

ಅಜ್ಜಿ ಗೋಡೆ ನೋಡಿದರು. ಗೋಡೆ ಏನೂ ಹೇಳಲಿಲ್ಲ. “ಯಾರಾದ್ರೂ ಎತ್ತಬಾರ್ದಾ...” ಅಂದರು.

“ಯಾರಾದ್ರೂ ಅಂದ್ರೆ ಯಾರು ಅಜ್ಜಿ? ನಂಗೊಂದು ಹೆಸರಿದೆ.”

ಅವರ ದವಡೆ ಅಲುಗಾಡಿತು. ಕಣ್ಣು ಮೊದಲ ಸಲ ಗೋಡೆ ಬಿಟ್ಟು ಅವನ ಮುಖಕ್ಕೆ ಬಂತು.

“ಮುಟ್ಟಪ್ಪಾ ಕದಿರೇಶಾ” ಅಂದರು. “ನನ್ ಮಗನ್ನ ಎತ್ತಪ್ಪಾ.”

ಕದಿರೇಶ ಬಗ್ಗಿ ಮೇಷ್ಟರ ಎರಡೂ ಕಂಕುಳಿಗೆ ಕೈ ಹಾಕಿದ. ಹಾಲು ಕರೆದು ಗಟ್ಟಿಯಾಗಿದ್ದ ಕೈ. ಒಂದೇ ಎಳೆತಕ್ಕೆ ಎತ್ತಿ ನಿಲ್ಲಿಸಿದ. ಬೆನ್ನಿನ ಧೂಳು ಕೊಡವಿದ, ಹಾರ ಸರಿ ಮಾಡಿದ. ತಿರುಗಿ ನೋಡಿದರೆ ಅಜ್ಜಿ ಅಭ್ಯಾಸಬಲದಿಂದ ಬಿಂದಿಗೆ ತುಂಬ ನೀರು ತಂದು ಪಡಸಾಲೆಯ ಮಧ್ಯೆ ನಿಂತಿದ್ದರು. ತೊಳೆಯಲು ಕುರ್ಚಿ ಇರಲಿಲ್ಲ. ಅವರು ಮಗನನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಿದ್ದರು.

“ತೊಳೀಬೇಡಿ ಅಜ್ಜಿ” ಅಂದ ಕದಿರೇಶ. “ಕುರ್ಚಿಗೆ ಏನಾಯ್ತು ನೋಡಿದ್ರಲ್ಲ.”